ಬಾಗಿಲಿಗೆ ಅಂಟಿಸದ ಹಳದಿ ಚೀಟಿ

ಮರಳು ಬಿಟ್ಟರೆ ತಾನಾಗಿ ಏನೂ ಬೆಳೆಯದ ಒಂದು ಊರು. ಆ ಊರಿಗೆ ಬಂದು ಚೆನ್ನಾಗಿ ಬೆಳೆದ ಒಬ್ಬ ಶ್ರೀಮಂತ. ಯಾವ ಊರು ಅಯ್ಯನವರೇ ಅಂತ ಕೇಳಬೇಡಿ. ಇವತ್ತು ಬೆಳಿಗ್ಗೆ ನೀವು ಮನೆಗೆ ಬೀಗ ಹಾಕಿಕೊಂಡು ಹೊರಟು ಬಂದ ಊರೇ ಇದ್ದರೂ ಇರಬಹುದು. ಹೆಸರನ್ನಂತೂ ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಅವನ ಕಡೆ ಕತ್ತು ತಿರುಗಿಸುತ್ತೀರಿ, ಅವನು ನನ್ನ ಕಡೆ ತಿರುಗಿಸುತ್ತಾನೆ, ಮುಂದಿನ ತಿಂಗಳಿಂದ ನಾನು ಯಾವ ಸಭೆಗೆ ಹೋಗಲಿ?

ಹಾಂ, ನಗಿ. ಈಗಲೇ ನಕ್ಕುಬಿಡಿ. ಸಮಾಧಾನಪ್ಪನವರೇ, ಆ ಹಿಂದಿನ ಬಾಗಿಲು ಸ್ವಲ್ಪ ಮುಂದೆ ಮಾಡಿ, ಬಿರಿಯಾನಿಯ ವಾಸನೆ ಒಳಗೆ ಬಂದರೆ ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ.

ಈ ಶ್ರೀಮಂತ ಗದಗ ಸೀಮೆಯವನು. ಅಪ್ಪನದು ಕಾಳಿನ ದಲಾಲಿ ಅಂಗಡಿ. ಮಗ ಒಂದು ಟ್ರಂಕು ಹಿಡಿದು ಕಡಲು ದಾಟಿ ಮರಳಿನ ಊರಿಗೆ ಬಂದ, ಮೋಟಾರು ಬಿಡಿಭಾಗಗಳ ವ್ಯಾಪಾರ ಮಾಡಿದ, ಕೈ ಹಿಡಿಯಿತು. ದೇವರು ಕೊಟ್ಟ. ಕೊಟ್ಟದ್ದನ್ನು ಅವನು ಮುಚ್ಚಿಡಲಿಲ್ಲ ನೋಡಿ, ಎಲ್ಲರಿಗೂ ತೋರಿಸಿದ! ಮನೆಗೆ ಯಾರೇ ಬರಲಿ, ಮೊದಲು ಸೋಫಾ ತೋರಿಸುತ್ತಿದ್ದ, ಆಮೇಲೆ ಅಡಿಗೆಮನೆ, ಆಮೇಲೆ ಬಚ್ಚಲು. ಬಚ್ಚಲಿನ ನಲ್ಲಿ ತಿರುವಿ, ನೀರು ಬರುವುದನ್ನೂ ತೋರಿಸುತ್ತಿದ್ದ. "ಮನಿ ಅಂದ್ರ ಹಿಂಗಿರಬೇಕ್ರೀ" ಅನ್ನುತ್ತಿದ್ದ. ಬಂದವರು ಹೌದ್ರೀ ಹೌದ್ರೀ ಅಂದು, ಲಿಫ್ಟಿನಲ್ಲಿ ಇಳಿಯುವಾಗ ಬೇರೇನೋ ಅನ್ನುತ್ತಿದ್ದರು. ಅದು ಬಿಡಿ.

ಇಂಥ ಮನೆಗೆ ತಿಗಣೆ ಬಂತು.

ಹೌದು, ತಿಗಣೆ. ಮುಖ ಯಾಕೆ ಹಾಗೆ ಮಾಡುತ್ತೀರಿ ಅಮ್ಮಾ? ನಾನು ಚರ್ಚಿನ ಪ್ರಸಂಗಪೀಠದಲ್ಲಿ ನಿಂತು ತಿಗಣೆ ಅನ್ನಬಾರದಾ? ನಮ್ಮ ಸಭೆಯಲ್ಲಿ ಪ್ರಾರ್ಥನೆಗೆ ಹೆಸರು ಕೊಡಿ ಅಂದರೆ ಸಕ್ಕರೆ ಕಾಯಿಲೆಗೆ ಕೊಡುತ್ತಾರೆ, ವೀಸಾಕ್ಕೆ ಕೊಡುತ್ತಾರೆ, ಮಂಡಿನೋವಿಗೆ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಬಂದು, ಅಯ್ಯನವರೇ ನಮ್ಮ ಹಾಸಿಗೆಯಲ್ಲಿ ತಿಗಣೆ ಆಗಿವೆ, ಪ್ರಾರ್ಥನೆ ಮಾಡಿ ಅಂದಿದ್ದೀರಾ? ಇಲ್ಲ. ಅಷ್ಟೊಂದು ಪರಿಶುದ್ಧರು ನೀವು.

ಶ್ರೀಮಂತನ ಹೆಂಡತಿ ಒಂದು ಬೆಳಿಗ್ಗೆ ಹಾಸಿಗೆಯ ಅಂಚು ಎತ್ತಿ ನೋಡಿ ಗಂಡನನ್ನು ಕರೆದಳು. ಅವನು ನೋಡಿದ. ನೋಡಿದವನೇ ಮೊದಲು ಮಾಡಿದ ಕೆಲಸ ಏನು? ಕಿಟಕಿಯ ಪರದೆ ಎಳೆದ! ಹತ್ತನೇ ಅಂತಸ್ತಿನ ಕಿಟಕಿಗೆ! ಹಾರಿ ಹೋಗುವ ಪಾರಿವಾಳ ಅದನ್ನು ಕಂಡು, ಊರೆಲ್ಲ ಸಾರಿಬಿಟ್ಟರೆ ಅಂತ.

ಅವನ ಸಂಕಟವೂ ಸುಳ್ಳಲ್ಲ. ಒಬ್ಬಳೇ ಮಗಳು, ಮುಂದಿನ ಶುಕ್ರವಾರ ನಿಶ್ಚಿತಾರ್ಥ. ಗಂಡಿನ ಕಡೆಯವರು ಬೇರೆ ಊರಿನಿಂದ ಬರುವವರು. ಬೀಗರು ಫೋನಿನಲ್ಲಿ, "ನಿಮಗ್ಯಾಕ ಸುಮ್ನ ತ್ರಾಸು, ನಾವು ಹೋಟೆಲಿನ್ಯಾಗ ಇರ್ತೇವ್ರೀ" ಅಂದಿದ್ದರು. ಇವನು ಕೇಳಲಿಲ್ಲ. "ಛೇ ಛೇ, ಇಷ್ಟ ದೊಡ್ಡ ಮನಿ ಇಟ್ಕೊಂಡು ನಿಮ್ಮನ್ನ ಹೋಟೆಲಿಗೆ ಕಳಸೂದು? ಕಾರ್ಯ ಮುಗಿಸಿ ಎಲ್ಲಾರೂ ನಮ್ಮನಿಗೇ ಬರಬೇಕು" ಅಂತ ಪಟ್ಟು ಹಿಡಿದಿದ್ದ. ತೋರಿಸಬೇಕಲ್ಲ, ನಲ್ಲಿಯನ್ನು! ಈಗ ಅದೇ ಮನೆಯ ಹಾಸಿಗೆಯಲ್ಲಿ ಬೀಗರು ಮಲಗಿ, ಬೆಳಿಗ್ಗೆ ಕೆರೆದುಕೊಳ್ಳುತ್ತ ಎದ್ದರೆ ಮಗಳ ಗತಿ ಏನು? ಸಂಬಂಧ ಮುರಿದು ಬಿದ್ದೀತು ಎಂದು ಅವನ ಎದೆ ನಿಜವಾಗಿ ಹೊಡೆದುಕೊಂಡಿತು. ಅಪ್ಪನ ಎದೆ ಅದು, ಅದನ್ನು ನಾನು ಗೇಲಿ ಮಾಡುವುದಿಲ್ಲ.

ಆ ಊರಿನಲ್ಲಿ ಒಂದು ಕಾನೂನು. ಮನೆಯೊಳಗೆ ಕೀಟಕ್ಕೆ ವಿಷ ಹಾಕಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರನೇ ಹಾಕಬೇಕು. ಶ್ರೀಮಂತ ಅಂಥ ಒಬ್ಬನನ್ನು ಕರೆಸಿದ. ಅವನು ಯಾವ ದೇಶದವನೋ, ಹಿಂದಿಯಲ್ಲಿ ಮಾತಾಡಿದ, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. ಒಳ್ಳೆಯ ಮನುಷ್ಯನೇನೂ ಅಲ್ಲ. ಫೋನು ನೋಡುತ್ತಲೇ ಮನೆಯೆಲ್ಲ ಸುತ್ತಿದ, ಚಪ್ಪಲಿಯನ್ನೂ ಬಿಡಲಿಲ್ಲ, ಆ ಊರಿನ ದುಡ್ಡಿನಲ್ಲಿ ಎರಡು ಸಾವಿರ ಅಂದ.

"ಎರಡು ಸಾವಿರ? ತಿಗಣೆ ಕೊಲ್ಲಲಿಕ್ಕಾ, ಅವಕ್ಕೆ ಮದುವೆ ಮಾಡಲಿಕ್ಕಾ?" ಅಂದ ಶ್ರೀಮಂತ.

"ಎರಡು ಸಲ ಬರಬೇಕು. ಕಪಾಟು ಪೂರ್ತಿ ಖಾಲಿ ಮಾಡಿಕೊಡಿ. ಅಕ್ಕಪಕ್ಕದ ಮನೆಗೆ ನಾವೇ ಹೋಗಿ ತಿಳಿಸುತ್ತೇವೆ. ಬಾಗಿಲಿಗೆ ಹಳದಿ ಚೀಟಿ ಅಂಟಿಸುತ್ತೇವೆ."

"ಯಾವ ಚೀಟಿ?"

"ಈ ಮನೆಯಲ್ಲಿ ವಿಷ ಹಾಕಿದೆ, ಒಳಗೆ ಹೋಗಬೇಡಿ ಅಂತ ಚೀಟಿ. ದೊಡ್ಡ ಅಕ್ಷರ."

ಶ್ರೀಮಂತ ತಿರುಗಿ ಬಾಗಿಲು ನೋಡಿದ. ದೊಡ್ಡ ಅಕ್ಷರ! ಲಿಫ್ಟಿನಿಂದ ಇಳಿದವರಿಗೆಲ್ಲ ಮೊದಲು ಕಾಣುವುದೇ ಅವನ ಬಾಗಿಲು. ಅವನು ಗುತ್ತಿಗೆದಾರನ ಕೈ ಹಿಡಿದುಕೊಂಡ. ಚೀಟಿ ಬೇಡ ಮಹರಾಯಾ, ಅಕ್ಕಪಕ್ಕದವರಿಗೆ ಹೇಳುವುದೂ ಬೇಡ, ಎರಡಲ್ಲ ಮೂರು ಸಾವಿರ ತೆಗೆದುಕೋ ಅಂದ. ಕೇಳಿದಿರಾ? ಎರಡು ಜಾಸ್ತಿ ಆಯಿತು ಅಂದ ಬಾಯಿ, ಮೂರು ಕೊಡುತ್ತೇನೆ ಅಂದಿತು!

"ಚೀಟಿ ಅಂಟಿಸದಿದ್ದರೆ ನನ್ನ ಲೈಸೆನ್ಸ್ ಹೋಗುತ್ತೆ. ಆಗುವುದಿಲ್ಲ" ಅಂದು ಅವನು ಎದ್ದು ಹೋದ.

ಹೆಂಡತಿ ಬಂದು ಏನಾತು ಅಂತ ಕೇಳಿದಾಗ ಶ್ರೀಮಂತ ಹೇಳಿದ್ದೇನು ಗೊತ್ತಾ? "ಸುಲಿಗಿ ಮಾಡ್ತಾರ ಮಕ್ಳು. ಎರಡ ಸಾವ್ರ ಅಂತ. ರೊಕ್ಕೇನ ಮರದಾಗ ಬೆಳೀತಾವ?" ಚೀಟಿಯ ಸುದ್ದಿಯೇ ಇಲ್ಲ. ನೋಡಿ, ನಾಚಿಕೆಯ ಕೆಲಸಕ್ಕೆ ಜಿಪುಣತನದ ಬಟ್ಟೆ ತೊಡಿಸುವುದು ಎಷ್ಟು ಸಲೀಸು! ಜಿಪುಣ ಅಂದರೆ ಪರವಾಗಿಲ್ಲ, ಲೆಕ್ಕಾಚಾರದ ಮನುಷ್ಯ ಅನ್ನುತ್ತಾರೆ. ಮನೆಯಲ್ಲಿ ತಿಗಣೆ ಅಂದರೆ ಮಾತ್ರ ಜೀವ ಹೋಗುತ್ತದೆ. ಅದೇ ವಾರ ಅವನು ನಿಶ್ಚಿತಾರ್ಥದ ಕೇಕಿಗೆ ಕೊಟ್ಟದ್ದು ಎಷ್ಟು ಅಂತ ನಾನು ಹೇಳುವುದಿಲ್ಲ. ನಿಮ್ಮಲ್ಲಿ ಹೃದಯದ ತೊಂದರೆ ಇದ್ದವರಿದ್ದೀರಿ.

ಕೊನೆಗೆ ಸಿಕ್ಕ ಒಬ್ಬ. ನಮ್ಮ ಕಡೆಯವನೇ. ನಮ್ಮ ಕಡೆಯವನು ಅಂದಮೇಲೆ ಲೈಸೆನ್ಸ್ ಯಾಕೆ? ಊರಿನಲ್ಲಿದ್ದಾಗ ಕಾಳಿನ ಗೋದಾಮಿನಲ್ಲಿ ಕೆಲಸ ಮಾಡಿದವನು, ಇಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಗುಳಿಗೆ ಇಟ್ಟುಕೊಂಡು ಮನೆಮನೆಗೆ ಹೋಗುತ್ತಾನೆ.

"ಲೈಸೆನ್ಸ್ ತಗೊಂಡ ಏನ್ಮಾಡ್ತೀರಿ ಯಜಮಾನ್ರ? ತಗಣಿ ಏನ ಲೈಸೆನ್ಸ್ ನೋಡಿ ಸಾಯ್ತಾವನು?" ಅಂದ ಅವನು. "ಇದು ನಮ್ಮ ಕಾಳಿನ ಗುಳಿಗಿ. ನಿಮಗ ಹೊಸದೇನಲ್ಲ."

ಹೌದಲ್ಲ! ಶ್ರೀಮಂತನ ಮುಖ ಅರಳಿತು. ಚಿಕ್ಕಂದಿನಿಂದ ಕಂಡ ಗುಳಿಗೆ. ಅಪ್ಪನ ಗೋದಾಮಿನಲ್ಲಿ ಜೋಳದ ಚೀಲಗಳ ಮೇಲೆ ತಾಡಪತ್ರಿ ಹೊದಿಸಿ, ಸಂದಿಯಲ್ಲಿ ಇದೇ ಗುಳಿಗೆ ಇಟ್ಟು, ಬಾಗಿಲು ಹಾಕಿಕೊಂಡು ಬರುತ್ತಿದ್ದರು. ವಾರ ಬಿಟ್ಟು ತೆಗೆದರೆ ಒಂದು ಹುಳ ಇರುತ್ತಿರಲಿಲ್ಲ. "ಅದನ್ನ ನೋಡಕೋತನ ಬೆಳದೇವಿ. ನಾವೇನ ಸತ್ತೇವೇನು?" ಅಂತ ಅವನೇ ಹೆಂಡತಿಗೆ ಧೈರ್ಯ ಹೇಳಿದ.

ಸಾಯಲಿಲ್ಲ, ನಿಜ. ಆ ಗೋದಾಮು ಊರ ಹೊರಗಿತ್ತು. ಅದರ ಗೋಡೆಯ ಆಚೆ ಬಯಲಿತ್ತು, ಬಯಲಿನಲ್ಲಿ ಕತ್ತೆ ಮೇಯುತ್ತಿದ್ದವು. ಈ ಮನೆಯ ಗೋಡೆಯ ಆಚೆ ಒಂದು ತೊಟ್ಟಿಲಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ನರ್ಸಮ್ಮ, ಅವಳ ಗಂಡ, ಎಂಟು ತಿಂಗಳ ಕೂಸು. ಹುಡುಗಿ ಹುಬ್ಬಳ್ಳಿಯವಳು, ಇವರನ್ನು ಅಂಕಲ್ ಆಂಟಿ ಅನ್ನುತ್ತಿದ್ದಳು. ಕೂಸು ದಿನಕ್ಕೊಮ್ಮೆ ಶ್ರೀಮಂತನ ಹೆಂಡತಿಯ ತೊಡೆಯ ಮೇಲೆ ಆಡಿ ಹೋಗುತ್ತಿತ್ತು. "ಬಾಜೂ ಮನಿಯಾಕಿಗೆ ಒಂದ್ಮಾತ ಹೇಳೂಣೇನ್ರೀ?" ಅಂತ ಹೆಂಡತಿ ಕೇಳಿದಳು.

"ನಿನಗೇನರ ಬುದ್ಧಿ ಐತೇನ? ಆಕಿ ದವಾಖಾನ್ಯಾಗ ಇರಾಕಿ. ಆಕಿಗೆ ಹೇಳಿದ್ರ ಊರಿಗೆ ಡಂಗುರ ಹೊಡಿಸಿದಂಗ. ಸುಮ್ಕಿರು."

ಅವಳು ಸುಮ್ಮನಿದ್ದಳು. ಗಂಡನ ಮಾತಿಗೆ ಸುಮ್ಮನಿರುವುದೇ ಹೆಂಡತಿಯ ಸದ್ಗುಣ ಅಂತ ನಮ್ಮಂಥ ಅಯ್ಯನವರೇ ಮದುವೆ ಮಾಡಿಸುವಾಗ ಹೇಳಿರುತ್ತೇವೆ, ತಪ್ಪು ನಮ್ಮದೂ ಇದೆ.

ಬುಧವಾರ ಮಲಗುವ ಕೋಣೆಗಳಲ್ಲಿ ಗುಳಿಗೆ ಇಟ್ಟರು. ಕಿಟಕಿ ಮುಚ್ಚಿದರು. "ಎರಡ ದಿನ ಸಮುದ್ರದ ಕಡೆ ಹೊಂಟೇವ್ರೀ" ಅಂತ ಎಲ್ಲರಿಗೂ ಹೇಳಿ, ಪೆಟ್ಟಿಗೆ ಎತ್ತಿಕೊಂಡು ಒಂದು ಹೋಟೆಲಿಗೆ ಹೋದರು. ಬಾಗಿಲ ಮೇಲೆ ಚೀಟಿ ಇಲ್ಲ. ಹೂವಿನ ತೋರಣ ಮಾತ್ರ ಇತ್ತು. ಎಷ್ಟು ಚಂದ!

ಆ ಕಟ್ಟಡ ಹಳೆಯದು. ಎಸಿಯ ಪೈಪು ಹಾಯಲು ಕೊರೆದ ತೂತುಗಳನ್ನು ಯಾರೂ ಸರಿಯಾಗಿ ಮುಚ್ಚಿರಲಿಲ್ಲ. ಗುಳಿಗೆಯ ವಿಷಗಾಳಿ ಆ ತೂತು ಹಿಡಿದು ಪಕ್ಕದ ಮನೆಗೆ ಹೋಯಿತು. ಶುಕ್ರವಾರ ಮಧ್ಯಾಹ್ನ ಒಂದು ಬಾಡಿಗೆ ಹಾಲ್‌ನಲ್ಲಿ ನಿಶ್ಚಿತಾರ್ಥ. ಗಾಯನ ಮಂಡಳಿ ಹಾಡುತ್ತಿದೆ, ಕೇಕು ಮೇಜಿನ ಮೇಲೆ ಕುಳಿತಿದೆ, ಗಂಡಿನ ತಂದೆ ಮುಂದಿನ ಸಾಲಿನಲ್ಲಿ. ಉಂಗುರ ತೊಡಿಸಲು ಇನ್ನೇನು ಎದ್ದು ನಿಲ್ಲಬೇಕು, ಶ್ರೀಮಂತನ ಜೇಬಿನಲ್ಲಿ ಫೋನು ನಡುಗಿತು.

"ಅಂಕಲ್ರೀ, ನಾನ್ರೀ, ಬಾಜೂ ಮನಿಯಾಕಿ. ದವಾಖಾನ್ಯಾಗ ಅದೀನ್ರೀ. ಕೂಸು ಮುಂಜಾನಿಂದ ವಾಂತಿ ಮಾಡಾಕತ್ತೈತಿ, ಉಸರಾಡಾಕ ಒದ್ದಾಡತೈತಿ. ಮನ್ಯಾಗ ಕೊಳತ ಬಳ್ಳೊಳ್ಳಿ ವಾಸನಿ ಬಂದಂಗಾಗಿತ್ರೀ. ನೀವೇನರ ಔಷಧಿ ಹಾಕ್ಸೀರೇನ್ರೀ? ಹೌದಂದ್ರ ಡಾಕ್ಟರಿಗೆ ಹೇಳ್ತೀನಿ. ಇಲ್ಲಂದ್ರ ಹೊಟ್ಟಿಗೆ ಏನೋ ಆಗೈತಿ, ಸಲೈನ್ ಹಾಕಿ ಮನಿಗೆ ಕಳಸ್ತೀವಿ ಅನ್ನಾಕತ್ತಾರ."

ಕೇಳಿಸಿತಾ? ಹೌದು ಅಂದರೆ ಕೂಸು ದವಾಖಾನೆಯಲ್ಲಿ ಉಳಿಯುತ್ತದೆ. ಇಲ್ಲ ಅಂದರೆ ಅದೇ ಮನೆಗೆ, ಅದೇ ತೊಟ್ಟಿಲಿಗೆ ವಾಪಸ್ಸು ಹೋಗುತ್ತದೆ. ಶ್ರೀಮಂತನಿಗೆ ಕಿವಿಯೂ ಚೆನ್ನಾಗಿತ್ತು, ಬುದ್ಧಿಯೂ ಚೆನ್ನಾಗಿತ್ತು. ಅವನಿಗೆ ಪೂರ್ತಿ ಅರ್ಥವಾಯಿತು. ಬೀಗರು ಅವನ ಮುಖವನ್ನೇ ನೋಡುತ್ತಿದ್ದರು. ಮಗಳು ಕೈ ಮುಂದೆ ಚಾಚಿದ್ದಳು.

"ಇಲ್ಲವ್ವಾ" ಅಂದ. "ನಮ್ಮನ್ಯಾಗ ಅಂಥಾದ್ದೇನೂ ಇಲ್ಲ."

ಅಯ್ಯೋ ಪಾಪಿ ಅಂತ ಅಲ್ಲಿ ಯಾರೋ ಅಂದಿರಿ. ತಾಳಿ, ತಾಳಿ. ಅವನೇನು ಕೊಲೆಗಾರನಾ? ಅವನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿದ್ದ. ಸಲೈನ್ ಹಾಕಲಿಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಉಂಗುರ ಆಗುತ್ತದೆ, ಕೇಕು ಆಗುತ್ತದೆ, ಊಟಕ್ಕೆ ಕೂತಾಗ ಮೆಲ್ಲನೆ ಹೊರಗೆ ಹೋಗಿ ಫೋನು ಮಾಡಿ ಹೇಳಿದರಾಯಿತು. ಹೇಳುವುದಿಲ್ಲ ಅಂತ ಅವನು ಅಂದುಕೊಳ್ಳಲೇ ಇಲ್ಲ. ಆಮೇಲೆ ಹೇಳುತ್ತೇನೆ ಅಂದುಕೊಂಡ. ಸಹೋದರರೇ, ನಿಮ್ಮ ಹತ್ತಿರ ಎಷ್ಟು "ಆಮೇಲೆ" ಇವೆ?

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಯಾರದ್ರೀ ಫೋನು?"

"ಬಾಜೂ ಮನಿ ಹುಡುಗೀದು. ಕೂಸಿಗೆ ವಾಂತಿ ಅಂತ. ಆಮ್ಯಾಲ ಮಾತಾಡೂಣು, ಮುಂದ ನೋಡು."

"ಔಷಧಿ ಹಾಕ್ಸೀರೇನಂತ ಕೇಳಿದ್ಲೇನು?"

ಅವನು ಟೈ ಸರಿಮಾಡಿಕೊಂಡ.

"ನೀವೇನಂದ್ರಿ? ರೀ, ನಿಮ್ಮನ್ನ ಕೇಳಾಕತ್ತೀನಿ. ಏನಂದ್ರಿ ಆಕಿಗೆ?"

ಅವನು ಮಗಳ ಕಡೆ ಹೆಜ್ಜೆ ಇಟ್ಟ. ಆ ಹೆಜ್ಜೆಯೇ ಉತ್ತರ ಅಂತ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗೊತ್ತಾಗುವುದಿಲ್ಲವೇ? ಅವನ ಜೇಬಿಗೆ ಕೈ ಹಾಕಿ ಫೋನು ಕಿತ್ತುಕೊಂಡು ಅದೇ ನಂಬರಿಗೆ ತಿರುಗಿ ಮಾಡಿದಳು. ರೇಷ್ಮೆ ಸೀರೆ ಉಟ್ಟ ಹೆಣ್ಣಿನ ತಾಯಿ, ತುಂಬಿದ ಹಾಲ್‌ನ ನಡುವೆ ನಿಂತು, ಬಾವಿಕಟ್ಟೆಯಲ್ಲಿ ಕೂಗುವ ಹಾಗೆ ಕೂಗಿದಳು.

"ಹಾಕ್ಸೀವಿ ನನ್ನವ್ವಾ, ಹಾಕ್ಸೀವಿ! ಕಾಳಿನ ಗುಳಿಗಿ ಇಟ್ಟೀವಿ, ಬುಧವಾರದಿಂದ! ಡಾಕ್ಟರಿಗೆ ಹೇಳು, ಕಾಳಿನ ಗುಳಿಗಿ! ಕೂಸಿನ್ನ ಮನಿಗೆ ಒಯ್ಯಬ್ಯಾಡ, ನಿನ್ನ ಕಾಲ ಬೀಳ್ತೀನಿ!"

ಹಾಡು ನಿಂತಿತು. ಮೈಕು ಹಿಡಿದವನು ಮೈಕು ಕೆಳಗಿಳಿಸಿದ. ಅವಳು ಬೀಗರ ಕಡೆ ತಿರುಗಿದಳು. "ನಮ್ಮನ್ಯಾಗ ತಗಣಿ ಆಗಿದ್ವ್ರೀ. ನಿಮಗ ಗೊತ್ತಾಗಬಾರ್ದಂತ ವಿಷಾ ಇಟ್ಟು ಯಾರಿಗೂ ಹೇಳಲಿಲ್ಲ. ಸಂಬಂಧಾ ಬ್ಯಾಡಂದ್ರ ಬ್ಯಾಡ ಅನ್ರಿ. ನಾ ದವಾಖಾನಿಗೆ ಹೊಂಟೆ."

ಹೊರಟೇ ಹೋದಳು. ಮಗಳು ಅವಳ ಹಿಂದೆ ಓಡಿದಳು. ಶ್ರೀಮಂತ ತಲೆ ಎತ್ತಲಾರದೆ ನಿಂತ. ಮಗಳ ಬಾಳು ಹಾಳಾಯಿತು, ಭೂಮಿ ಬಾಯಿಬಿಡಬಾರದೇ ಅಂತ ಅಂದುಕೊಂಡ. ಆಗ ಗಂಡಿನ ತಂದೆ ಎದ್ದರು. ಗಂಟಲು ಸರಿಮಾಡಿಕೊಂಡರು.

"ಬೀಗರ, ತಗಣಿಗೇನ್ರೀ ಇಷ್ಟು? ನಮ್ಮನ್ಯಾಗ ಎರಡ ವರ್ಷಾತು. ನಾವು ಹೋಟೆಲಿನ್ಯಾಗ ಇರ್ತೇವಿ ಅಂದದ್ದ್ಯಾಕಂತ ತಿಳದೀರಿ? ನಮ್ಮ ಪೆಟಗ್ಯಾಗ ಕುಂತು ನಿಮ್ಮನಿಗೆ ಬಂದಾವಂತ ಅಂಜಿ ಅಂದಿದ್ವಿ."

"ನಮ್ಮನ್ಯಾಗೂ ಅದಾವ್ರೀ" ಅಂದ ಗಾಯನ ಮಂಡಳಿಯವನೊಬ್ಬ. ಸಭೆಯ ಖಜಾಂಚಿ, "ನಮ್ಮಲ್ಲಿ ಹೋದ ವರ್ಷ ಇದ್ವು" ಅಂದರು. ಖಜಾಂಚಿಗಳು ಯಾವಾಗಲೂ ಹೋದ ವರ್ಷ ಅನ್ನುತ್ತಾರೆ. ದೇವರು ನಮಗೆ ಮಾಡಿದ್ದನ್ನು ಎದ್ದು ಸಾಕ್ಷಿ ಹೇಳುವ ಕೂಟ ಮಾಡುತ್ತೇವಲ್ಲ, ಯಾರೂ ಬಾಯಿ ಬಿಡದೆ ಗಡಿಯಾರ ನೋಡುತ್ತೀರಲ್ಲ? ಅವತ್ತು ಆ ಹಾಲ್‌ನಲ್ಲಿ ಒಬ್ಬರಾದ ಮೇಲೊಬ್ಬರು ಎದ್ದೆದ್ದು ಸಾಕ್ಷಿ ಹೇಳಿದರು! ಯಾವುದನ್ನು ಮುಚ್ಚಲು ಶ್ರೀಮಂತ ಒಂದು ಕೂಸನ್ನು ವಿಷದ ಕೋಣೆಗೆ ಕಳಿಸಲು ಸಿದ್ಧನಾಗಿದ್ದನೋ, ಅದು ಅಲ್ಲಿದ್ದ ಅರ್ಧ ಜನರ ಹಾಸಿಗೆಯ ಕೆಳಗೆ ಇತ್ತು.

ಕೂಸು ಉಳಿಯಿತಾ ಅಯ್ಯನವರೇ? ಉಳಿಯಿತು. ಹಲವು ದಿನ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿತ್ತು, ಉಳಿಯಿತು. ನಗರಸಭೆಯವರು ಬಂದು ಮನೆ ತೆರೆಸಿದರು, ದಂಡ ಹಾಕಿದರು. ಆ ದಂಡದ ಹಣದಲ್ಲಿ ಲೈಸೆನ್ಸ್ ಇರುವವನನ್ನು ಕರೆಸಿ ಇಡೀ ಕಟ್ಟಡದ ತಿಗಣೆ ಕೊಲ್ಲಿಸಬಹುದಿತ್ತು. ನಮ್ಮ ಕಡೆಯವನು, ಅದೇ, ಗುಳಿಗೆಯವನು, ಫೋನು ಬಂದ್ ಮಾಡಿಕೊಂಡು ಎಲ್ಲಿಗೋ ಹೋದ. ಕೆಲವು ದಿನ ಬಿಟ್ಟು ಉಂಗುರವೂ ಆಯಿತು, ಮದುವೆಯೂ ಆಯಿತು. ಕಥೆ ಸುಖಾಂತ್ಯ. ಬಿರಿಯಾನಿಗೆ ಹೋಗೋಣವೇ?

ಕೂತುಕೊಳ್ಳಿ, ಇನ್ನೂ ಇದೆ.

ಕೂಸು ಮನೆಗೆ ಬಂದ ದಿನ ಶ್ರೀಮಂತ ಮತ್ತು ಅವನ ಹೆಂಡತಿ ಹಣ್ಣಿನ ಬುಟ್ಟಿ ಹಿಡಿದು ಪಕ್ಕದ ಮನೆಗೆ ಹೋದರು. ದೊಡ್ಡ ಬುಟ್ಟಿ. ಶ್ರೀಮಂತ ಮೊದಲೇ ಮಾತು ಸಿದ್ಧ ಮಾಡಿಕೊಂಡಿದ್ದ. "ತಪ್ಪಾತವ್ವ, ಆ ಗುಳಿಗಿಯವ ಮೋಸಾ ಮಾಡಿದ. ಹಿಂಗಾಗತೈತಂತ ನಮಗೇನ ಗೊತ್ತು?" ಎಂದ. ಹುಡುಗಿ ಬುಟ್ಟಿ ತೆಗೆದುಕೊಂಡಳು. ಚಹಾ ಕೊಟ್ಟಳು. ಕೂಸನ್ನು ಆಂಟಿಯ ತೊಡೆಯ ಮೇಲೆ ಇಟ್ಟಳು. ಬಯ್ಯಲಿಲ್ಲ, ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಗುಳಿಗಿ ಇಡೂವಾಗ ಗೊತ್ತಿರಲಿಲ್ಲ, ಒಪ್ಪಿದೆ ಅಂಕಲ್ರೀ. ನಾ ಫೋನ್ ಮಾಡಿ ಕೇಳಿದಾಗ ಗೊತ್ತಿತ್ತಲ್ರೀ?"

ಈ ಪ್ರಶ್ನೆಗೆ ಲೈಸೆನ್ಸ್ ಇಲ್ಲದವನನ್ನು ಬಯ್ಯಲಿಕ್ಕೆ ಬರುವುದಿಲ್ಲ. ಹಣ್ಣಿನ ಬುಟ್ಟಿ ಸಾಲುವುದಿಲ್ಲ. ಶ್ರೀಮಂತ ಚಹಾದ ಬಟ್ಟಲು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಕೂಸಿನ ತಲೆ ನೇವರಿಸುತ್ತಿದ್ದಳು, ಈ ಸಲದ ಉತ್ತರ ಅವನೇ ಕೊಡಬೇಕಿತ್ತು. ಬಟ್ಟಲು ಕೆಳಗಿಟ್ಟು ಅವನು, "ಗೊತ್ತಿತ್ತವ್ವಾ" ಅಂದ. ಅಂದು ಬಿಕ್ಕಿ ಅತ್ತ. ಆ ದೊಡ್ಡ ಮನುಷ್ಯ, ಸಣ್ಣ ಹುಡುಗಿಯ ಮುಂದೆ ಕೂತು ಅತ್ತ.

ಹುಡುಗಿ ಎದ್ದು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಕ್ಷಮಿಸಿದಳಾ? ನನಗೆ ಗೊತ್ತಿಲ್ಲ. ಕ್ಷಮಿಸಲಿ ಅಂತ ಅವಳಿಗೆ ಉಪದೇಶ ಮಾಡಲಿಕ್ಕೆ ನಾನು ಇಲ್ಲಿ ನಿಂತಿಲ್ಲ. ನಾನು ನಿಂತಿರುವುದು ನಿಮಗೆ ಹೇಳಲಿಕ್ಕೆ.

ಈಗ ಸ್ವಲ್ಪ ಹೊತ್ತಿನ ಹಿಂದೆ ನಾವೆಲ್ಲ ಒಟ್ಟಿಗೆ ನಿಂತು ಪಾಪದ ಅರಿಕೆ ಓದಿದೆವು. ಎಷ್ಟು ಗಟ್ಟಿ ದನಿ! ಎಲ್ಲರೂ ಒಂದೇ ಉಸಿರಿಗೆ, ಒಂದೇ ರಾಗಕ್ಕೆ, ತಪ್ಪು ಮಾಡಿದ್ದೇವೆ ತಪ್ಪು ಮಾಡಿದ್ದೇವೆ ಅಂದೆವು. ಯಾವ ತಪ್ಪು? ಯಾರಿಗೆ ಮಾಡಿದ್ದು? ಅದು ಗುಂಪಿನ ಅರಿಕೆಯಲ್ಲಿ ಬರುವುದಿಲ್ಲ, ಅದಕ್ಕೇ ನಿಮಗೆ ಅಷ್ಟು ಇಷ್ಟ. ದೇವರ ಮುಂದೆ ಹೇಳುವುದು ಸುಲಭ ನೋಡಿ. ದೇವರು ಲಿಫ್ಟಿನಲ್ಲಿ ಸಿಗುವುದಿಲ್ಲ, ಸಂಘದ ಮೀಟಿಂಗಿಗೆ ಬರುವುದಿಲ್ಲ. ಪಕ್ಕದ ಮನೆಯವಳು ಸಿಗುತ್ತಾಳೆ.

ನಮ್ಮ ಮನೆಯ ಕೊಳೆಯನ್ನು ನಾವು ಗುಟ್ಟಾಗಿ ತೊಳೆಯಲು ಹೋದಾಗ ಆ ನೀರು ಯಾರ ಮನೆಗೆ ಹರಿಯುತ್ತದೆ ಅಂತ ನೋಡಿದ್ದೀರಾ? ಮಗನ ಕುಡಿತ ಮುಚ್ಚಿಟ್ಟು ಯಾರದೋ ಮಗಳನ್ನು ತಂದುಕೊಂಡವರು ಇಲ್ಲಿದ್ದೀರಿ. ಅಂಗಡಿಯಲ್ಲಿ ಆದ ತಪ್ಪು ತನ್ನದು ಅಂತ ಗೊತ್ತಿದ್ದೂ, ಕೆಲಸದವನನ್ನು ಊರಿಗೆ ಕಳಿಸಿದವರು ಇಲ್ಲಿದ್ದೀರಿ. ಕೋಣೆಯಲ್ಲಿ ಜೊತೆಗೆ ಮಲಗುವವನಿಗೆ ತನ್ನ ಕೆಮ್ಮಿನ ನಿಜ ಹೇಳದವರು ಇಲ್ಲಿದ್ದೀರಿ. ನನ್ನನ್ನು ಹಾಗೆ ನೋಡಬೇಡಿ, ನಾನು ಯಾರ ಹೆಸರೂ ಹೇಳಿಲ್ಲ. ನಿಮಗೇ ಯಾಕೆ ಬೆವರು ಬರುತ್ತಿದೆ?

ಹಾಗಾದರೆ ಏನು ಮಾಡಬೇಕು? ಮನೆಗೆ ವಿಷ ಹಾಕಿಸಬೇಕಾದರೆ ಲೈಸೆನ್ಸ್ ಇದ್ದವನನ್ನು ಕರೆಯಿರಿ, ಚೀಟಿ ಅಂಟಿಸಿಕೊಳ್ಳಿ, ಅಕ್ಕಪಕ್ಕದವರಿಗೆ ಹೇಳಿ. ಇದು ಪ್ರಸಂಗದ ಮಾತಲ್ಲ, ಕೂಸುಗಳಿರುವ ಮನೆಗಳ ಮಾತು. ಇನ್ನೊಂದು, ನಿಮ್ಮ ಗುಟ್ಟಿನಿಂದ ಯಾರಿಗೆ ಉಸಿರು ಕಟ್ಟುತ್ತಿದೆಯೋ ಅವರ ಹೆಸರು ನಿಮಗೆ ಈಗಾಗಲೇ ನೆನಪಾಗಿದೆ. ನಾನು ಮಾತಾಡುವಾಗಲೇ ನೆನಪಾಗಿದೆ, ನಿಮ್ಮ ಮುಖದಲ್ಲಿ ಕಾಣುತ್ತಿದೆ. ಅವರು ಫೋನು ಮಾಡಿ ಕೇಳುವ ತನಕ ಕಾಯಬೇಡಿ. ಕೇಳಿದಾಗ ನೀವು ಏನು ಹೇಳುತ್ತೀರೋ ನಿಮಗೇ ಗೊತ್ತಿಲ್ಲ.

ಈಗ ಕಣ್ಣು ಮುಚ್ಚಬೇಡಿ. ಇವತ್ತು ನಾನು ಕಡೆಯ ಪ್ರಾರ್ಥನೆ ಹೇಳಿ ಮುಗಿಸುವುದಿಲ್ಲ. ಆ ಹೆಸರಿನವರು ಈ ಸಭೆಯಲ್ಲೇ ಕೂತಿದ್ದರೆ ಎದ್ದು ಅವರ ಹತ್ತಿರ ಹೋಗಿ. ಬೇರೆ ಕಡೆ ಇದ್ದರೆ ಹೊರಗೆ ಹೋಗಿ ಫೋನು ಮಾಡಿ. ಊಟ ಆರಿದರೆ ಆರಲಿ. ನೀವು ಬರುವ ತನಕ ನಾನು ಇಲ್ಲೇ ನಿಂತಿರುತ್ತೇನೆ, ಎಲ್ಲರೂ ಬಂದ ಮೇಲೆ ಆಮೆನ್ ಅನ್ನೋಣ. ಎದ್ದೇಳಿ. ಯಾರು ಮೊದಲು?